ಮುಚ್ಚಳವಿಲ್ಲದ ಟೀಪಾಟ್: ಒಂದು ಹರಾಜಿನ ಪ್ರಕರಣ ಅಧ್ಯಯನ

2016ರಲ್ಲಿ ಇಂಗ್ಲೆಂಡಿನ ಲಿಂಕನ್‌ಶೈರ್‌ನ ಒಂದು ಸಾಮಾನ್ಯ ಹರಾಜಿನಲ್ಲಿ ಪುಟ್ಟದೊಂದು ನೀಲಿ-ಬಿಳಿ ಟೀಪಾಟ್ 15 ಪೌಂಡಿಗೆ ಹೋಯಿತು. ಅಂದಿನ ಲೆಕ್ಕದಲ್ಲಿ ಸಾವಿರದ ಮುನ್ನೂರು-ನಾನೂರು ರೂಪಾಯಿ. ಅದಕ್ಕೆ ಮುಚ್ಚಳ ಇರಲಿಲ್ಲ. ಹಿಡಿ ಮುರಿದಿತ್ತು. ಕೊಂಡವರು ಆನ್‌ಲೈನ್‌ನಲ್ಲಿ ಸವಾಲು ಕೂಗಿದ್ದರು. ಇದರಲ್ಲಿ ಏನೋ ಇದೆ ಎಂದು ಅವರ ಒಳಮನಸ್ಸಿಗೆ ಅನ್ನಿಸಿತ್ತು, ಅಷ್ಟೇ.

2018ರ ಫೆಬ್ರವರಿಯಲ್ಲಿ ಅದೇ ಟೀಪಾಟ್ ಸಾಲ್ಸ್‌ಬರಿಯ ವುಲಿ ಅಂಡ್ ವಾಲಿಸ್ ಹರಾಜು ಸಂಸ್ಥೆಯ ಮೇಜಿಗೆ ಬಂತು. ಸುತ್ತಿಗೆ ಬಿದ್ದದ್ದು 4,60,000 ಪೌಂಡಿಗೆ. ಕೊಳ್ಳುವವರ ತಲೆಯ ಮೇಲೆ ಬೀಳುವ ಕಮಿಷನ್ ಸೇರಿ 5,75,000. ನಮ್ಮ ಲೆಕ್ಕದಲ್ಲಿ ಐದು ಕೋಟಿ ರೂಪಾಯಿಗೂ ಮೇಲೆ. ಕೊಂಡದ್ದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ, ಲಂಡನ್ನಿನ ವ್ಯಾಪಾರಿಯೊಬ್ಬರ ಕೈಯಿಂದ ಕೂಗಿಸಿ.

ಈ ಎರಡು ಹರಾಜುಗಳ ನಡುವೆ ಕಳೆದುಹೋದ ಮುಚ್ಚಳ ಸಿಗಲಿಲ್ಲ, ಮುರಿದ ಹಿಡಿ ಹುಟ್ಟಿನ ಹಿಡಿಯಾಗಲಿಲ್ಲ. ಬದಲಾದದ್ದು ಅದರ ಪಕ್ಕದಲ್ಲಿ ಬರೆದ ನಾಲ್ಕು ಸಾಲು ಮಾತ್ರ: ಯಾರು ಮಾಡಿದ್ದು, ಎಲ್ಲಿ, ಯಾವಾಗ. ಆ ನಾಲ್ಕು ಸಾಲಿಗೆ ಆಧಾರ ಎಲ್ಲಿಂದ ಬಂತು? ಆಧಾರ ಕಾಣದ ಮೊದಲ ಹರಾಜುದಾರರು ತಪ್ಪಿತಸ್ಥರೇ? 15 ಪೌಂಡಿಗೆ ಕೊಟ್ಟವರಿಗೆ ಮೋಸವಾಯಿತೇ? ಹಳೆಯ ಇಂಗ್ಲಿಷ್ ಪಿಂಗಾಣಿಯ ಹರಾಜು ಒಳಗಿನಿಂದ ಹೇಗೆ ನಡೆಯುತ್ತದೆ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಈ ಟೀಪಾಟ್‌ನ ಕಥೆಯನ್ನೇ.

ಕುಂಚವೋ ಅಚ್ಚೋ

ಇಂಗ್ಲಿಷ್ ಪಿಂಗಾಣಿಯ ಸಂತೆಯಲ್ಲಿ ಹಳೆಯದೊಂದು ಮೇಲು-ಕೀಳು ಇದೆ. ಕೈಯಿಂದ ಚಿತ್ರ ಬರೆದದ್ದು ಮೇಲು, ಅಚ್ಚೊತ್ತಿದ್ದು ಕೀಳು. 1750ರ ದಶಕದಲ್ಲಿ ಚೆಲ್ಸಿ ಕಾರ್ಖಾನೆಯವರು ಎಲೆ, ಹೂವು, ಚಿಟ್ಟೆಗಳನ್ನು ಬರೆದ ತಟ್ಟೆಗಳಿಗೆ, ವುಸ್ಟರ್‌ನ ಕಡುನೀಲಿ ಹಿನ್ನೆಲೆಯ ಬಣ್ಣದ ಹಕ್ಕಿಗಳಿಗೆ, ಡರ್ಬಿಯಲ್ಲಿ ವಿಲಿಯಂ ಬಿಲ್ಲಿಂಗ್ಸ್‌ಲಿ ಬರೆದ ಗುಲಾಬಿಗಳಿಗೆ ಸಂಗ್ರಾಹಕರು ಜೇಬು ಬಿಚ್ಚುತ್ತಾರೆ. ಬಿಲ್ಲಿಂಗ್ಸ್‌ಲಿಯ ಕೈಚಳಕವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಮೊದಲು ಇಡೀ ದಳಕ್ಕೆ ಬಣ್ಣ ತುಂಬುತ್ತಿದ್ದ, ಆಮೇಲೆ ಬೆಳಕು ಬೀಳುವ ಜಾಗದಲ್ಲಿ ಕುಂಚದಿಂದಲೇ ಬಣ್ಣವನ್ನು ಒರೆಸಿ ತೆಗೆಯುತ್ತಿದ್ದ. ಬಿಳಿ ಬಣ್ಣ ಹಚ್ಚದೆಯೇ ಗುಲಾಬಿ ಬೆಳಗುತ್ತಿತ್ತು.

ನಮ್ಮ ಟೀಪಾಟ್ ಅಚ್ಚೊತ್ತಿದ್ದು. ಈ ಮೇಲು-ಕೀಳಿನ ಲೆಕ್ಕದಲ್ಲಿ ಅದು ಕೆಳಗಿನ ಮೆಟ್ಟಿಲಿನ ವಸ್ತು. ಮೊದಲ ಹರಾಜಿನಲ್ಲಿ ಯಾರೂ ಅದನ್ನು ಎರಡನೇ ಸಲ ತಿರುಗಿ ನೋಡದಿರಲು ಇದೂ ಒಂದು ಕಾರಣ ಇದ್ದೀತು ಎಂಬುದು ನನ್ನ ಊಹೆ.

ಅಚ್ಚನ್ನೂ ಕುಂಚವನ್ನೂ ಬೇರ್ಪಡಿಸುವುದು ಕಷ್ಟವಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಅಂದರೆ ಅಕ್ಕಸಾಲಿಗರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥದ್ದು, ಸಾಕು. ಇದನ್ನು ಬರೆಯುವಾಗ ನನ್ನ ಮೇಜಿನ ಮೇಲೆ ಎರಡು ನೀಲಿ-ಬಿಳಿ ಸಾಸರುಗಳಿವೆ, ಎರಡೂ ಅಂಚು ಹಾರಿದವು, ಹಾಗಾಗಿಯೇ ನನ್ನ ಕೈಗೆಟುಕಿದವು. ಒಂದರಲ್ಲಿ ಮರದ ಕಾಂಡದ ನೆರಳನ್ನು ನೋಡಿದರೆ ಸಣ್ಣ ಸಣ್ಣ ಗೆರೆಗಳು ಒಂದರ ಪಕ್ಕ ಒಂದು ಓಡಿವೆ. ಪ್ರತಿ ಗೆರೆಯೂ ತೆಳುವಾಗಿ ಹುಟ್ಟಿ, ನಡುವೆ ಉಬ್ಬಿ, ಮತ್ತೆ ಸೂಜಿಮೊನೆಯಂತೆ ಮುಗಿಯುತ್ತದೆ. ತಾಮ್ರದ ಹಲಗೆಯ ಮೇಲೆ ಉಳಿ ಓಡಿಸಿದ ಕೈಯ ಗುರುತು ಅದು. ಅಂಚಿನ ಬಳ್ಳಿ ಒಂದು ಕಡೆ ಹೊಂದಿಕೊಳ್ಳದೆ ಅರ್ಧ ಎಲೆಗೇ ನಿಂತಿದೆ, ಕಾಗದ ಅಲ್ಲಿಗೆ ಮುಗಿದಿತ್ತು. ಕೂದಲೆಳೆಯಷ್ಟು ಬಿಳಿಯ ಗೆರೆಯೊಂದು ಸೇತುವೆಯನ್ನು ಅಡ್ಡ ಸೀಳಿದೆ, ಅಲ್ಲಿ ಕಾಗದ ಮಡಿಚಿಕೊಂಡಿತ್ತು. ಇನ್ನೊಂದು ಸಾಸರಿನಲ್ಲಿ ಗೆರೆಗಳಿಲ್ಲ, ಬಣ್ಣದ ಒದ್ದೆ ಇದೆ. ಕುಂಚ ನಿಂತಲ್ಲಿ ನೀಲಿ ಮಡುಗಟ್ಟಿ ಕಪ್ಪಾಗಿದೆ, ಓಡಿದಲ್ಲಿ ತೆಳುವಾಗಿದೆ.

ಅಚ್ಚಿನ ಕೆಲಸ ನಡೆಯುತ್ತಿದ್ದದ್ದು ಹೀಗೆ. ತಾಮ್ರದ ಹಲಗೆಯಲ್ಲಿ ಚಿತ್ರ ಕೊರೆದು, ಕೋಬಾಲ್ಟ್ ಬೆರೆಸಿದ ಎಣ್ಣೆಶಾಯಿಯನ್ನು ಗೆರೆಗಳಿಗೆ ತುಂಬುತ್ತಿದ್ದರು. ತೆಳು ಕಾಗದಕ್ಕೆ ಅದನ್ನು ಒತ್ತಿ, ಕಾಗದವನ್ನು ಒಮ್ಮೆ ಸುಟ್ಟ ಪಾತ್ರೆಯ ಮೈಗೆ ಅಂಟಿಸಿ ಉಜ್ಜುತ್ತಿದ್ದರು. ಕಾಗದ ತೊಳೆದು ತೆಗೆದ ಮೇಲೆ ಚಿತ್ರ ಪಾತ್ರೆಯಲ್ಲಿ ಉಳಿಯುತ್ತಿತ್ತು. ಅದರ ಮೇಲೆ ಮೆರುಗಿನ ಲೇಪ ಕೊಟ್ಟು ಮತ್ತೊಮ್ಮೆ ಆವಿಗೆಗೆ. ಒಂದೇ ತಾಮ್ರದ ಹಲಗೆಯಿಂದ ನೂರಾರು ಪಾತ್ರೆಗಳು. ಕೈಬರಹದ ಚೆಲುವು ಇಲ್ಲ, ಒಪ್ಪಿದೆ. ಆದರೆ ಮುಂದೆ ಈ ಪ್ರಕರಣ ನಿಂತದ್ದು ಇದೇ ಗುಣದ ಮೇಲೆ. ಒಂದೇ ಹಲಗೆಯಿಂದ ಬಂದ ಎರಡು ಚಿತ್ರಗಳು ಗೆರೆಗೆ ಗೆರೆ ಹೊಂದುತ್ತವೆ. ಕುಂಚದ ಚಿತ್ರ ಹಾಗೆ ಹೊಂದುವುದಿಲ್ಲ. ಟೀಪಾಟ್ ಕೈಯಿಂದ ಬರೆದದ್ದಾಗಿದ್ದರೆ ಗುರುತು ಹಿಡಿಯುವುದು ಇನ್ನೂ ಎಷ್ಟೋ ಕಷ್ಟವಾಗುತ್ತಿತ್ತು.

ಹೊಟ್ಟೆಯ ಮೇಲಿನ ಚಿತ್ರ

ಟೀಪಾಟ್‌ನ ಒಂದು ಬದಿಯಲ್ಲಿ ಚೀನಾದ ಮಾದರಿಯ ದೃಶ್ಯವಿದೆ: ನೀರು, ಮನೆ, ಸೇತುವೆಯ ಮೇಲೊಬ್ಬ ಮನುಷ್ಯ. ಆ ಕಾಲದ ಇಂಗ್ಲೆಂಡಿನ ಎಲ್ಲ ಕಾರ್ಖಾನೆಗಳೂ ಇಂಥ ಕಲ್ಪನೆಯ ಚೀನಾವನ್ನು ರಾಶಿ ರಾಶಿಯಾಗಿ ಹೊರಹಾಕುತ್ತಿದ್ದವು. ಇನ್ನೊಂದು ಬದಿಯಲ್ಲಿ ಎರಡು ಕ್ರೌಂಚಗಳು ಒಂದು ತಾಳೆಮರದ ಅಡಿಯಲ್ಲಿ ನಿಂತಿವೆ.

ತಾಳೆಮರ ಎಂದೆ. ಇಂಗ್ಲೆಂಡಿನ ಚಿತ್ರಗಾರರಿಗೆ ಚೀನಾದ ದೃಶ್ಯ ಎಂದರೆ ವಿಲೋ, ಪೈನ್, ಪ್ಲಮ್ ಹೂವು. ಬೀಸಣಿಗೆಯಂತೆ ಗರಿ ಬಿಚ್ಚಿದ ಈ ಮರ ಬೇರೆ ಜಾತಿಯದು: ಅಮೆರಿಕದ ದಕ್ಷಿಣ ಕೆರೊಲಿನಾದ ಕರಾವಳಿಯ ಪಾಮೆಟ್ಟೊ. 1776ರ ಜೂನ್ 28ರಂದು ಚಾರ್ಲ್ಸ್‌ಟನ್ ಬಂದರಿನ ಸಲಿವನ್ ದ್ವೀಪದಲ್ಲಿ ಅರ್ಧಂಬರ್ಧ ಕಟ್ಟಿದ್ದ ಕೋಟೆಯೊಂದು ಬ್ರಿಟಿಷ್ ನೌಕಾಪಡೆಯ ಗುಂಡುಗಳನ್ನು ತಡೆದು ನಿಂತಿತು. ಅದರ ಗೋಡೆಗಳು ಈ ಮರದ ದಿಮ್ಮಿಗಳವು. ಮೆತ್ತನೆಯ ನಾರಿನ ಮರ, ಗುಂಡು ಬಡಿದರೆ ಸೀಳುವ ಬದಲು ನುಂಗಿಕೊಳ್ಳುತ್ತಿತ್ತು. ಇಂದಿಗೂ ಆ ರಾಜ್ಯದ ಬಾವುಟದ ಮೇಲೆ ಇರುವುದು ಇದೇ ಮರ.

ಇನ್ನು ಹಿಡಿ, ಮುಚ್ಚಳಗಳ ವಿಷಯ. ಹದಿನೆಂಟನೇ ಶತಮಾನದ ಟೀಪಾಟ್ ದಿನವೂ ಬಿಸಿನೀರು ಕುಡಿದು ಬದುಕಿದ ವಸ್ತು. ಮೊದಲು ಒಡೆಯುವುದು ಮುಚ್ಚಳ, ಆಮೇಲೆ ಮೂತಿಯ ತುದಿ, ಹಿಡಿ. ಅಂದಿನ ಪಾತ್ರೆಗಳು ಅಳತೆಯಲ್ಲೂ ಪುಟ್ಟವು, ಚಹಾಪುಡಿ ದುಬಾರಿಯಾಗಿದ್ದ ಕಾಲ. ಕುಡಿಯುವ ಬಟ್ಟಲುಗಳಿಗೆ ಹಿಡಿಯೇ ಇರುತ್ತಿರಲಿಲ್ಲ. ಸಾಸರುಗಳು ಆಳವಾಗಿರುತ್ತಿದ್ದವು, ಅದಕ್ಕೆ ಸುರಿದುಕೊಂಡು ಕುಡಿಯುವವರೂ ಇದ್ದರು. ನಮ್ಮ ಉತ್ತರ ಕರ್ನಾಟಕದ ಹಿರಿಯರು ಬಸಿಗೆ ಚಹಾ ಸುರಿದು ಊದಿ ಕುಡಿಯುವುದನ್ನು ಕಂಡು ನಕ್ಕವರಿಗೆ ಈ ಸಂಗತಿಯನ್ನು ಹೇಳಬೇಕೆಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಮಣ್ಣನ್ನು ಹುಡುಕಿ ಹೋದವರು

ಜರ್ಮನಿಯ ಮೈಸನ್ 1710ರಲ್ಲೇ ಚೀನಾದಂಥ ಗಟ್ಟಿ ಪಿಂಗಾಣಿ ಮಾಡತೊಡಗಿತ್ತು. ಇಂಗ್ಲೆಂಡ್ ಆ ಕಡೆ ಕೈ ಹಾಕಿದ್ದು 1740ರ ದಶಕದಲ್ಲಿ, ಅದೂ ಗುಟ್ಟು ತಿಳಿಯದೆ, ಕಂಡದ್ದನ್ನೆಲ್ಲ ಬೆರೆಸಿ ನೋಡುತ್ತ. ವುಸ್ಟರ್‌ನವರು ಕಾರ್ನ್‌ವಾಲ್‌ನ ಬಳಪದ ಕಲ್ಲನ್ನು ಪುಡಿಮಾಡಿ ಬೆರೆಸಿದರು. ಲಂಡನ್ ಬಳಿಯ ಬೋ ಕಾರ್ಖಾನೆಯವರು ಮೂಳೆಯ ಬೂದಿಯನ್ನು ಬೆರೆಸಿದರು. ಇವತ್ತಿನ ಬೋನ್ ಚೈನಾದ ಪೂರ್ವಜ ಅದು. ಆ ಹೆಸರಿನ ಅರ್ಥ ತಿಳಿದ ಮೇಲೆ ಕಪ್ಪುಗಳನ್ನು ಅಟ್ಟಕ್ಕೆ ಏರಿಸಿದ ಮಡಿವಂತ ಮನೆಗಳು ನಮ್ಮಲ್ಲೂ ಇವೆ.

ಬೋದ ಎಡ್ವರ್ಡ್ ಹೇಲಿನ್ ಮತ್ತು ಥಾಮಸ್ ಫ್ರೈ 1744ರಲ್ಲಿ ಪಡೆದ ಪೇಟೆಂಟಿನಲ್ಲಿ ಒಂದು ವಿಚಿತ್ರ ಹೆಸರಿದೆ: ‘ಉನೇಕರ್’. ಅಮೆರಿಕದ ಚೆರೊಕೀ ಜನರ ನೆಲದಿಂದ ಬರುವ ಬಿಳಿ ಜೇಡಿಮಣ್ಣು ಅದು. ಅಂದರೆ ಇಂಗ್ಲಿಷ್ ಪಿಂಗಾಣಿ ಕಣ್ಣು ಬಿಡುವಾಗಲೇ ಕೆರೊಲಿನಾದ ಮಣ್ಣಿನ ಮೇಲೆ ಅದರ ಕಣ್ಣು ಬಿದ್ದಿತ್ತು. ಇಪ್ಪತ್ತು ವರ್ಷಗಳ ನಂತರವೂ ಆ ಆಸೆ ಹೋಗಿರಲಿಲ್ಲ. ಇಂಗ್ಲೆಂಡಿನ ಹೆಸರಾಂತ ಕುಂಬಾರಿಕೆ ಉದ್ಯಮಿ ಜೊಸಾಯಾ ವೆಜ್‌ವುಡ್ 1767ರಲ್ಲಿ ಥಾಮಸ್ ಗ್ರಿಫಿತ್ಸ್ ಎಂಬವನನ್ನು ಸಮುದ್ರ ದಾಟಿಸಿ, ಕಾಡು ಗುಡ್ಡ ಹತ್ತಿಸಿ, ಐದು ಟನ್ನಿನಷ್ಟು ಚೆರೊಕೀ ಮಣ್ಣು ತರಿಸಿಕೊಂಡ. ಸಾಗಣೆಯ ಖರ್ಚು ನೋಡಿದ ಮೇಲೆ ಆ ದಾರಿ ಅಲ್ಲಿಗೇ ಮುಗಿಯಿತು.

ಮಣ್ಣನ್ನು ಕುಂಬಾರನ ಬಳಿಗೆ ತರುವುದು ದುಬಾರಿಯಾದರೆ ಕುಂಬಾರನೇ ಮಣ್ಣಿನ ಬಳಿಗೆ ಹೋಗಬಹುದಲ್ಲ? ಸ್ಟ್ಯಾಫರ್ಡ್‌ಶೈರ್‌ನ ಲೇನ್ ಡೆಲ್ಫ್‌ನ ಜಾನ್ ಬಾರ್ಟ್ಲಮ್ ಮಾಡಿದ್ದು ಅದನ್ನೇ. 1763ರ ಸುಮಾರಿಗೆ ಆತ ದಕ್ಷಿಣ ಕೆರೊಲಿನಾ ಸೇರಿದ. 1765ರ ಹೊತ್ತಿಗೆ ಚಾರ್ಲ್ಸ್‌ಟನ್‌ನಿಂದ ಸ್ವಲ್ಪ ದೂರ, ವಾಂಡೊ ನದಿಯ ದಂಡೆಯ ಕೇನ್‌ಹಾಯ್ ಎಂಬಲ್ಲಿ ಆವಿಗೆ ಹೂಡಿದ. ಊರಿನಿಂದ ಕೆಲಸಗಾರರನ್ನು ಕರೆಸಿಕೊಳ್ಳಲು ಏಜೆಂಟರೂ ಓಡಾಡುತ್ತಿದ್ದರು. ದಕ್ಷಿಣ ಕೆರೊಲಿನಾದ ಹೊಸ ಕಾರ್ಖಾನೆಗೆ ನಮ್ಮ ಆಳುಗಳನ್ನು ಸೆಳೆಯುತ್ತಿದ್ದಾರೆ ಎಂದು ವೆಜ್‌ವುಡ್ 1765ರಲ್ಲಿ ಪಾರ್ಲಿಮೆಂಟಿನ ಸದಸ್ಯರೊಬ್ಬರಿಗೆ ಕಳವಳದ ಪತ್ರ ಬರೆದ. ದೊಡ್ಡ ವ್ಯಾಪಾರಿಯ ನಿದ್ದೆ ಕೆಡಿಸಿದ ಆ ಕಾರ್ಖಾನೆ ನಾಲ್ಕೈದು ವರ್ಷವೂ ಸರಿಯಾಗಿ ನಡೆಯಲಿಲ್ಲ ಎಂಬುದು ಬೇರೆ ಮಾತು.

ಕಾಲ ಮಾತ್ರ ಬಾರ್ಟ್ಲಮ್‌ಗೆ ಅನುಕೂಲವಾಗಿಯೇ ಇತ್ತು. ಅಕ್ಕಿ ಮತ್ತು ನೀಲಿ (ಇಂಡಿಗೊ) ಬೆಳೆಯ ವ್ಯಾಪಾರದಿಂದ, ಗುಲಾಮರ ಬೆವರಿನಿಂದ ಚಾರ್ಲ್ಸ್‌ಟನ್ ಶ್ರೀಮಂತವಾಗಿತ್ತು. ಚಹಾ ಕುಡಿಯುವ ಮನೆಗಳಿದ್ದವು. 1767ರ ಟೌನ್‌ಶೆಂಡ್ ಕಾಯ್ದೆ ಚಹಾ, ಗಾಜು, ಕಾಗದಗಳ ಮೇಲೆ ಸುಂಕ ಹಾಕಿತಲ್ಲದೆ, ಇಂಗ್ಲೆಂಡಿನಿಂದ ಅಮೆರಿಕಕ್ಕೆ ಮರುರಫ್ತಾಗುವ ಚೀನಾ ಪಾತ್ರೆಗಳಿಗೆ ಅಲ್ಲಿಯವರೆಗೆ ಸಿಗುತ್ತಿದ್ದ ಸುಂಕದ ವಾಪಸಾತಿಯನ್ನೂ ನಿಲ್ಲಿಸಿತು. ಹೊರಗಿನ ಪಾತ್ರೆ ದುಬಾರಿಯಾಗುವ ಹೊತ್ತಿನಲ್ಲಿ ಒಳಗಿನ ಪಾತ್ರೆ ಮಾಡಲು ಹೊರಟ ಮನುಷ್ಯ ಬಾರ್ಟ್ಲಮ್. ಆದರೂ ಕೇನ್‌ಹಾಯ್ ಉಳಿಯಲಿಲ್ಲ. ಆತ ಚಾರ್ಲ್ಸ್‌ಟನ್‌ಗೆ ಹೋದ, 1770ರಲ್ಲಿ ಅಲ್ಲಿ ಪಿಂಗಾಣಿ ಕಾರ್ಖಾನೆ ತೆರೆಯುವ ಜಾಹೀರಾತು ಪತ್ರಿಕೆಯಲ್ಲಿ ಬಂತು. ಅಲ್ಲಿಂದ ಕ್ಯಾಮ್‌ಡೆನ್‌ಗೆ ಹೋದ, 1781ರಲ್ಲಿ ತೀರಿಕೊಂಡ. ಆಮೇಲೆ ಇನ್ನೂರು ವರ್ಷ ಅವನ ಪಿಂಗಾಣಿ ಯಾರ ನೆನಪಿನಲ್ಲೂ ಇರಲಿಲ್ಲ. ಅಮೆರಿಕದ ಮೊದಲ ಪಿಂಗಾಣಿ ಎಂದರೆ 1770ರಿಂದ 1772ರವರೆಗೆ ಫಿಲಡೆಲ್ಫಿಯಾದಲ್ಲಿ ನಡೆದ ಬೊನಿನ್ ಮತ್ತು ಮಾರಿಸ್ ಕಾರ್ಖಾನೆಯದು ಎಂದೇ ಪಾಠ ಹೇಳಲಾಗುತ್ತಿತ್ತು.

ಬೋಕಿಯ ಸಾಕ್ಷಿ

1990ರ ದಶಕದ ಆರಂಭದಲ್ಲಿ ಪುರಾತತ್ವಜ್ಞ ಸ್ಟ್ಯಾನ್ಲಿ ಸೌತ್ ಕೇನ್‌ಹಾಯ್‌ನಲ್ಲಿ ಬಾರ್ಟ್ಲಮ್‌ನ ಜಾಡು ಹಿಡಿದು ಅಗೆದರು. ಹಳೆಯ ಕುಂಬಾರಿಕೆಯ ಜಾಗದಲ್ಲಿ ಸಿಗುವ ನಿಧಿ ಎಂದರೆ ಕಸ. ಒಡೆದದ್ದು, ಆವಿಗೆಯಲ್ಲಿ ಸೊಟ್ಟಗಾದದ್ದು, ಒಂದೇ ಸುಡಿತ ಕಂಡು ಮೆರುಗು ಕಾಣದೆ ಬಿದ್ದದ್ದು. ಸಂಗ್ರಾಹಕರ ಕಪಾಟಿನಲ್ಲಿರುವ ಚೆಂದದ ತಟ್ಟೆಗಿಂತ ಪುರಾತತ್ವಕ್ಕೆ ಈ ಬೋಕಿ ಹೆಚ್ಚು, ಏಕೆಂದರೆ ತಟ್ಟೆ ಎಲ್ಲಿಂದಲೂ ಬಂದಿರಬಹುದು. ಅರ್ಧ ಸುಟ್ಟು ಕೆಟ್ಟ ಪಾತ್ರೆಯನ್ನು ಯಾರೂ ಹಡಗಿನಲ್ಲಿ ತರಿಸಿಕೊಳ್ಳುವುದಿಲ್ಲ. ಅದು ಬಿದ್ದಲ್ಲೇ ಹುಟ್ಟಿದ್ದು.

ಕೇನ್‌ಹಾಯ್‌ನ ಮಣ್ಣಿನಲ್ಲಿ ಕೆನೆಬಣ್ಣದ ಮಡಕೆಗಳ ಚೂರುಗಳ ಜೊತೆ ನೀಲಿ ಅಚ್ಚಿನ ಪಿಂಗಾಣಿಯ ಚೂರುಗಳೂ ಇದ್ದವು. ಇಂಗ್ಲೆಂಡಿನಲ್ಲಿ ಅಲ್ಲೊಂದು ಇಲ್ಲೊಂದು ಸಾಸರು ಇದೇ ಚಿತ್ರಗಳನ್ನು ಹೊತ್ತು, ಥೇಮ್ಸ್ ದಡದ ಐಲ್ಸ್‌ವರ್ತ್ ಕಾರ್ಖಾನೆಯದಿರಬೇಕು ಎಂಬ ಚೀಟಿಯಡಿ ಕುಳಿತಿತ್ತು. ತಪ್ಪು ದಡ್ಡತನದ್ದಲ್ಲ. ಎರಡೂ ಕಡೆಯ ಕೆಲಸದ ರೀತಿ ಒಂದೇ, ಕೆಲಸಗಾರರ ತವರೂ ಒಂದೇ. ಅಮೆರಿಕದ ಪಿಂಗಾಣಿ ತಜ್ಞ ರಾಬರ್ಟ್ ಹಂಟರ್ 2007ರಲ್ಲಿ ಈ ಎರಡು ತುದಿಗಳನ್ನು ಗಂಟು ಹಾಕಿದರು. ಕಸದಗುಂಡಿಯ ಚೂರಿನ ಗೆರೆಯೂ ಕಪಾಟಿನ ಸಾಸರಿನ ಗೆರೆಯೂ ಹೊಂದಿದವು. ಆ ಅಚ್ಚಿಗೆ ‘ಬಾರ್ಟ್ಲಮ್ ಆನ್ ದಿ ವಾಂಡೊ’ ಎಂಬ ಹೆಸರು ಬಿತ್ತು. ಅಮೆರಿಕದ ಮೊದಲ ಪಿಂಗಾಣಿಯ ದಿನಾಂಕ ಫಿಲಡೆಲ್ಫಿಯಾದಿಂದ ಜಾರಿ 1760ರ ದಶಕದ ಕೇನ್‌ಹಾಯ್‌ಗೆ ಬಂತು.

ಲಿಂಕನ್‌ಶೈರ್‌ನ ಟೀಪಾಟ್ ಸಾಲ್ಸ್‌ಬರಿಯ ತಜ್ಞರ ಕೈಗೆ ಬಂದಾಗ ಈ ಸಾಮಗ್ರಿಯೆಲ್ಲ ಸಿದ್ಧವಿತ್ತು. ಹೋಲಿಸಿ ನೋಡಬೇಕಾದದ್ದಷ್ಟೇ ಬಾಕಿ. ಬಾರ್ಟ್ಲಮ್‌ನದೆಂದು ಗುರುತಾದ ಏಳನೆಯ ಪಾತ್ರೆ ಇದು. ಟೀಪಾಟ್ ಎಂದರೆ ಇದೊಂದೇ.

ಇಲ್ಲಿ ಒಂದು ಮಾತನ್ನು ನಿಂತು ಹೇಳಬೇಕು. ಹೊಸಬರು ಪಾತ್ರೆಯನ್ನು ಕೈಗೆತ್ತಿಕೊಂಡ ತಕ್ಷಣ ಮಗುಚಿ ತಳದ ಗುರುತು ನೋಡುತ್ತಾರೆ. ಚಿನ್ನದ ಲಂಗರು ಕಂಡರೆ ಚೆಲ್ಸಿ ಎಂದು ಎದೆ ಬಡಿದುಕೊಳ್ಳುತ್ತದೆ. ಆದರೆ 1845ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭವಾದ ಸ್ಯಾಮ್ಸನ್ ಕಾರ್ಖಾನೆಯಂಥವರು ಹಳೆಯ ಮಾದರಿಗಳನ್ನು ನಕಲು ಮಾಡಿ ಹರಿಯಬಿಟ್ಟ ಮೇಲೆ, ಚಿನ್ನದ ಲಂಗರು ಇದ್ದರೆ ಮೊದಲು ಅನುಮಾನಪಡು ಎಂಬುದೇ ಈ ದಂಧೆಯ ಹಿರಿಯರ ಬುದ್ಧಿವಾದ. ಗುರುತನ್ನು ಬರೆಯಲು ಒಂದು ನಿಮಿಷ ಸಾಕು. ಮಣ್ಣಿನ ಮಿಶ್ರಣ, ತಳದ ಪಾದದ ಕಡೆತ, ಬೆಳಕಿಗೆ ಹಿಡಿದಾಗ ಕಾಣುವ ಛಾಯೆ, ಇವನ್ನು ನಕಲು ಮಾಡುವುದು ಸುಲಭವಲ್ಲ. ವುಸ್ಟರ್ ಪಾತ್ರೆಯನ್ನು ದೀಪಕ್ಕೆ ಹಿಡಿದರೆ ಹಸಿರು ಛಾಯೆ ಕಾಣುತ್ತದೆ, ಹಳೆಯ ಚೆಲ್ಸಿಯಲ್ಲಿ ಚಂದ್ರನಂಥ ಬೆಳಕಿನ ಚುಕ್ಕೆಗಳು. ಬಿರುಕು ಹುಡುಕಲು ನಮ್ಮ ಸಂತೆಯಲ್ಲಿ ಮಡಕೆ ಕೊಳ್ಳುವ ಅಜ್ಜಿಯ ವಿಧಾನವೇ ಸಾಕು: ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಡುವುದು. ಗಟ್ಟಿ ಪಾತ್ರೆ ಖಣಿ ಎನ್ನುತ್ತದೆ, ಒಳಗೆ ಸೀಳಿದ್ದು ಬೊಡ್ಡು ಎನ್ನುತ್ತದೆ.

ಬೆಲೆಯನ್ನು ಏರಿಸಿದ್ದು ಯಾರು

ಹರಾಜಿಗೆ ಮೊದಲು ಸಂಸ್ಥೆ ಕೊಟ್ಟಿದ್ದ ಅಂದಾಜನ್ನು ಕೂಗು ಎಷ್ಟೋ ಪಟ್ಟು ದಾಟಿ ಹೋಯಿತು. ಇದರಲ್ಲಿ ಆಶ್ಚರ್ಯವಿಲ್ಲ. ಜೊತೆಗಾರರೇ ಇಲ್ಲದ ವಸ್ತುವಿಗೆ ಅಂದಾಜು ಕಟ್ಟುವವರು ಕಣ್ಣು ಕಟ್ಟಿಕೊಂಡು ಅಳೆದಂತೆಯೇ. ಅದರ ಮೇಲೆ, ಕಡಿಮೆ ಅಂದಾಜು ಹೆಚ್ಚು ಜನರನ್ನು ಕರೆಯುತ್ತದೆ ಎಂಬುದು ಯಾವ ಹರಾಜುದಾರನಿಗೆ ಗೊತ್ತಿಲ್ಲ? ಅಡಿಕೆ, ಕಾಫಿ, ತಂಬಾಕಿನ ಲಾಟುಗಳಿಗೆ ಸವಾಲು ಕೂಗುವುದನ್ನು ಕಂಡ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ವ್ಯತ್ಯಾಸ ಇಷ್ಟೇ: ಅಡಿಕೆಯ ಲಾಟಿಗೆ ಪಕ್ಕದ ಲಾಟಿನ ಧಾರಣೆ ಅಂಕುಶ ಹಾಕುತ್ತದೆ. ಇಲ್ಲಿ ಪಕ್ಕದ ಲಾಟೇ ಇಲ್ಲ.

ದಾಖಲೆ ಬೆಲೆಗೆ ಒಬ್ಬ ಹುಚ್ಚ ಸಾಲದು, ಇಬ್ಬರು ಬೇಕು. ಕೊನೆಯವರೆಗೂ ಬಿಡದೆ ಬೆನ್ನಟ್ಟಿದ ಎದುರಾಳಿ ಇಲ್ಲದಿದ್ದರೆ ಮೆಟ್ರೊಪಾಲಿಟನ್‌ಗೆ ಅದು ಎಷ್ಟೋ ಅಗ್ಗಕ್ಕೆ ಸಿಗುತ್ತಿತ್ತು. ಹಾಗೆ ಬೆನ್ನಟ್ಟಿದ್ದಕ್ಕೆ ಅರ್ಥವೂ ಇದೆ. ಅಮೆರಿಕದ ಕಲೆಯ ಕಥೆ ಹೇಳುವ ಸಂಗ್ರಹಾಲಯಕ್ಕೆ ಆ ಕಥೆಯ ಮೊದಲ ಪುಟದ ಪಿಂಗಾಣಿ ಬೇಕು. ಆ ಪುಟದ ಪ್ರತಿಗಳು ಏಳೇ. ಅದರಲ್ಲಿ ಟೀಪಾಟ್ ಒಂದೇ. ಮುಚ್ಚಳ ಇಲ್ಲ ಎಂದು ಬೆಲೆ ಕಡಿಮೆ ಮಾಡಿಕೊಳ್ಳಲು ಮುಚ್ಚಳವಿರುವ ಇನ್ನೊಂದು ಎಲ್ಲಿದೆ?

ಅದೇ ವುಸ್ಟರ್‌ನ ಸಾಮಾನ್ಯ ನೀಲಿ ಅಚ್ಚಿನ ಟೀಪಾಟ್ ಮುಚ್ಚಳ ಕಳೆದುಕೊಂಡು, ಹಿಡಿ ಮುರಿದುಕೊಂಡು ಬಂದರೆ ಅದರ ಪಾಡು ಬೇರೆ. ಪೂರ್ತಿಯಾಗಿರುವವು ಬೇಕಾದಷ್ಟು ಸಿಗುವುದರಿಂದ ಅದನ್ನು ಕಲಿಯುವವರು ಮಾತ್ರ ಕೊಳ್ಳುತ್ತಾರೆ, ನನ್ನಂಥವರು. ಇನ್ನು ಅಜ್ಜಿ ಕಾಲದ ಚಿತ್ತಾರದ ಊಟದ ಸೆಟ್ಟುಗಳ ಪಾಡಂತೂ ಕೇಳುವುದೇ ಬೇಡ. ಹನ್ನೆರಡು ಜನಕ್ಕೆ ಬಡಿಸುವಷ್ಟು ತಟ್ಟೆ, ಸೂಪಿನ ಬೋಗುಣಿ, ಚಿನ್ನದ ಅಂಚು, ಎಲ್ಲ ಸೇರಿ ಹೊಸ ಪಾತ್ರೆಯ ಬೆಲೆಗಿಂತ ಅಗ್ಗ. ಹನ್ನೆರಡು ಜನರನ್ನು ಊಟಕ್ಕೆ ಕರೆಯುವವರು ಕಡಿಮೆಯಾದರು. ಚಿನ್ನದ ಅಂಚಿನ ತಟ್ಟೆಯನ್ನು ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕುವಂತಿಲ್ಲ, ಕೈಯಿಂದ ತೊಳೆಯುವವರು ಯಾರು? ಹಳತು ಎಂದ ಮಾತ್ರಕ್ಕೆ ಬೆಲೆಯುಂಟು ಎಂದು ನಂಬಿ ಅಟ್ಟದಿಂದ ಪೆಟ್ಟಿಗೆ ಇಳಿಸಿದವರು ಬಹುಪಾಲು ಪೆಚ್ಚುಮೋರೆ ಹಾಕಿಕೊಂಡೇ ವಾಪಸು ಬರುತ್ತಾರೆ.

ಬೆಲೆಯ ಲೆಕ್ಕವನ್ನೂ ಒಮ್ಮೆ ಬಿಚ್ಚಿ ನೋಡೋಣ. 4,60,000ಕ್ಕೆ ಸುತ್ತಿಗೆ ಬಿತ್ತು, ಕೊಂಡವರು ಕೊಟ್ಟದ್ದು 5,75,000. ನಡುವಿನ 1,15,000 ಪೌಂಡು, ಅಂದರೆ ಸುತ್ತಿಗೆಯ ಬೆಲೆಯ ಶೇಕಡಾ 25, ಹರಾಜು ಸಂಸ್ಥೆಯದು. ಮಾರುವವರಿಂದಲೂ ಕಮಿಷನ್ ಪಡೆಯುವುದು ಇಂಗ್ಲೆಂಡಿನ ಹರಾಜು ಸಂಸ್ಥೆಗಳ ರೂಢಿ. ಪತ್ರಿಕೆಯ ತಲೆಬರಹದಲ್ಲಿ ಓದಿದ ದೊಡ್ಡ ಮೊತ್ತ ಪೂರ್ತಿಯಾಗಿ ಮಾರಿದವರ ಕೈ ಸೇರಿತು ಎಂದು ತಿಳಿಯಬಾರದು. ಮೊದಲ ಸಲ ಹರಾಜಿನಲ್ಲಿ ಕೊಂಡಾಗ ನಾನೂ ಈ ಕಮಿಷನ್ ಮರೆತು, ಬಿಲ್ಲು ನೋಡಿ ಬೆವೆತಿದ್ದೆ.

15 ಪೌಂಡಿಗೆ ಕೊಟ್ಟವರು

ಈ ಪ್ರಕರಣವನ್ನು ಯಾರಿಗೆ ಹೇಳಿದರೂ ಬರುವ ಮೊದಲ ಪ್ರಶ್ನೆ: ಪಾಪ, ಮೊದಲು ಮಾರಿದವರ ಗತಿ? ಹರಾಜುದಾರರ ಮೇಲೆ ದಾವೆ ಹೂಡಬಹುದಲ್ಲ?

ದಂಧೆಯಲ್ಲಿ ಇಂಥ ವಸ್ತುವಿಗೆ ‘ಸ್ಲೀಪರ್’ ಎನ್ನುತ್ತಾರೆ, ಗುರುತು ಸಿಗದೆ ಮಲಗಿರುವುದು ಎಂಬ ಅರ್ಥದಲ್ಲಿ. ಇಂಗ್ಲೆಂಡಿನ ನ್ಯಾಯಾಲಯ ಇದನ್ನು ಒಮ್ಮೆ ಕೂಲಂಕಷವಾಗಿ ನೋಡಿದೆ. 1980ರ ದಶಕದಲ್ಲಿ ಪ್ರಾಂತ್ಯದ ಹರಾಜುದಾರರೊಬ್ಬರು ಬೇಟೆನಾಯಿಗಳ ಎರಡು ಚಿತ್ರಗಳನ್ನು 840 ಪೌಂಡಿಗೆ ಮಾರಿದರು. ಕೆಲವೇ ತಿಂಗಳಲ್ಲಿ ಅವು ಪ್ರಸಿದ್ಧ ಕಲಾವಿದ ಜಾರ್ಜ್ ಸ್ಟಬ್ಸ್‌ನ ಹೆಸರಿನಲ್ಲಿ ಲಂಡನ್ನಿನ ಸೋದಬೀಸ್ ಹರಾಜು ಸಂಸ್ಥೆಯಲ್ಲಿ 88,000 ಪೌಂಡಿಗೆ ಹೋದವು. ಮಾರಿದವರು ದಾವೆ ಹೂಡಿದರು, ಕೆಳಗಿನ ನ್ಯಾಯಾಲಯದಲ್ಲಿ ಗೆದ್ದರು, ಮೇಲ್ಮನವಿಯಲ್ಲಿ ಸೋತರು. 1990ರಲ್ಲಿ ವರದಿಯಾದ ಆ ತೀರ್ಪಿನ ವಾದ ಸರಳ: ಊರಿನ ಹರಾಜುದಾರ ಊರಿನ ಡಾಕ್ಟರ್ ಇದ್ದಂತೆ, ಅವನಿಂದ ದೊಡ್ಡಾಸ್ಪತ್ರೆಯ ತಜ್ಞನ ಕಣ್ಣನ್ನು ನಿರೀಕ್ಷಿಸಲಾಗದು. ಸಮರ್ಥನಾದ ಸಾಮಾನ್ಯ ಹರಾಜುದಾರ ತೋರುವಷ್ಟು ಎಚ್ಚರ ತೋರಿದ್ದರೆ ಸಾಕು. ತಜ್ಞರಲ್ಲೇ ಎರಡು ಮಾತಿರುವ ವಿಷಯದಲ್ಲಿ ಗುರುತು ತಪ್ಪಿದ್ದು ಕರ್ತವ್ಯಲೋಪವಾಗುವುದಿಲ್ಲ.

ಈ ಅಳತೆಗೋಲನ್ನು ಟೀಪಾಟ್‌ಗೆ ಹಿಡಿದು ನೋಡಿ. ಆರೇ ಪಾತ್ರೆಗಳು ಗುರುತಾಗಿದ್ದ ಕಾರ್ಖಾನೆ, ಅದೂ ಸಮುದ್ರದಾಚೆಯದು. ಹೆಸರು ಪ್ರಕಟವಾಗಿ ಹತ್ತು ವರ್ಷವೂ ಆಗಿರಲಿಲ್ಲ. ವಾರವಾರವೂ ಮೇಜು-ಕುರ್ಚಿ, ಗಡಿಯಾರ, ತಟ್ಟೆಗಳನ್ನು ಸಾಲಾಗಿ ಕೂಗುವ ಊರಿನ ಹರಾಜುದಾರ ಇದನ್ನು ಹಿಡಿಯಬೇಕಿತ್ತು ಎಂದರೆ ಅದು ಅತಿಯಾಯಿತು. ಆದರೆ ಪಿಂಗಾಣಿಯ ವಿಭಾಗವನ್ನೇ ಇಟ್ಟುಕೊಂಡ ದೊಡ್ಡ ಸಂಸ್ಥೆ ಇದೇ ತಪ್ಪು ಮಾಡಿದ್ದರೆ ನಾನು ಹೀಗೆ ಹೇಳುತ್ತಿರಲಿಲ್ಲ. ಹರಾಜಿಗೆ ವಸ್ತು ಕೊಡುವವರು ಈ ವ್ಯತ್ಯಾಸವನ್ನು ಮೊದಲೇ ತಿಳಿದುಕೊಂಡರೆ ಒಳ್ಳೆಯದು. ಹಳೆಯದು, ಗುರುತಿಲ್ಲದ್ದು, ಚಿತ್ರದಲ್ಲಿ ಏನೋ ಹೊಂದದ್ದು ಇದ್ದರೆ ಎರಡು ಫೋಟೊ ತೆಗೆದು ಪಿಂಗಾಣಿ ತಜ್ಞರಿರುವ ಸಂಸ್ಥೆಗೆ ಕಳಿಸಿ ಕೇಳಲು ಅಂಚೆಯ ಖರ್ಚೂ ಬೀಳುವುದಿಲ್ಲ.

ಕೊಂಡವರ ನೀತಿಯ ಪ್ರಶ್ನೆಗೆ ನನ್ನ ಉತ್ತರ ಕೆಲವರಿಗೆ ಹಿಡಿಸಲಾರದು. ಮುದುಕಿಯೊಬ್ಬಳ ಮನೆಗೆ ಹೋಗಿ, ಗೊತ್ತಿದ್ದೂ ಗೊತ್ತಿಲ್ಲದವರಂತೆ ನಟಿಸಿ 15 ಪೌಂಡು ಕೊಟ್ಟು ತಂದಿದ್ದರೆ ಅದು ಕಳ್ಳತನದ ನೆಂಟ. ಬಹಿರಂಗ ಹರಾಜಿನಲ್ಲಿ ಚಿತ್ರ ಎಲ್ಲರ ಪರದೆಯ ಮೇಲೂ ಇತ್ತು. ನನ್ನ ಪರದೆಯ ಮೇಲೂ ಬರಬಹುದಿತ್ತು, ನಾನು ಮುಂದಿನ ಲಾಟಿಗೆ ಬೆರಳು ಜಾರಿಸುತ್ತಿದ್ದೆ. ಅವರು ನಿಂತು ನೋಡಿದರು. ಹೊಟ್ಟೆಕಿಚ್ಚಿನ ಹೊರತು ನನಗೆ ಬೇರೆ ದೂರಿಲ್ಲ.

ಸಮುದ್ರ ದಾಟಿದ ಮೇಲೆ

ಐವತ್ತು ವರ್ಷ ಮೀರಿದ, ನಿಗದಿತ ಬೆಲೆಗಿಂತ ಹೆಚ್ಚಿನ ಇಂಥ ವಸ್ತು ಬ್ರಿಟನ್ ಬಿಡಬೇಕಾದರೆ ರಫ್ತು ಪರವಾನಗಿ ಬೇಕು. ದೇಶದ ಇತಿಹಾಸಕ್ಕೆ ಅತಿ ಮುಖ್ಯ ಎನಿಸಿದರೆ ಅದನ್ನು ಸ್ವಲ್ಪ ಕಾಲ ತಡೆದು, ಅಷ್ಟೇ ಬೆಲೆ ಕೊಡುವ ಬ್ರಿಟಿಷ್ ಸಂಸ್ಥೆಗೆ ಅವಕಾಶ ಕೊಡುವ ಪದ್ಧತಿ ಅಲ್ಲಿದೆ. ನಮ್ಮಲ್ಲಿ ಬಾಗಿಲು ಇನ್ನೂ ಗಟ್ಟಿ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಬೆಂಗಳೂರಿನ ದಂಡುಪ್ರದೇಶದ ಹಳೆಯ ಬಂಗಲೆಯಲ್ಲಿ ವುಸ್ಟರ್ ತಟ್ಟೆಯೊಂದು ಸಿಕ್ಕಿತೆಂದು ಅದನ್ನು ಲಂಡನ್ನಿನ ಹರಾಜಿಗೆ ಕಳಿಸುವ ಕನಸು ಕಾಣುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಬಾರ್ಟ್ಲಮ್‌ನ ಟೀಪಾಟ್‌ನ ವಿಷಯದಲ್ಲಿ ಅದು ಊರು ಬಿಟ್ಟಿತು ಎನ್ನುವುದೋ ಊರಿಗೆ ಮರಳಿತು ಎನ್ನುವುದೋ ನನಗೆ ಇಂದಿಗೂ ಬಗೆಹರಿದಿಲ್ಲ. ಸ್ಟ್ಯಾಫರ್ಡ್‌ಶೈರ್‌ನಲ್ಲಿ ಕಲಿತ ಕೈ, ಇಂಗ್ಲೆಂಡಿನ ಅಚ್ಚಿನ ವಿದ್ಯೆ, ಕೆರೊಲಿನಾದ ನದಿಯ ದಂಡೆ. ಒಂದು ಬದಿಯಲ್ಲಿ ಯಾರೂ ಕಾಣದ ಚೀನಾದ ಸೇತುವೆ, ಇನ್ನೊಂದು ಬದಿಯಲ್ಲಿ ಮಾಡಿದವನು ದಿನವೂ ಕಂಡ ಮರ. ಈಗ ಅದು ಮೆಟ್ರೊಪಾಲಿಟನ್‌ನ ಅಮೆರಿಕನ್ ವಿಭಾಗದ ಸಂಗ್ರಹದಲ್ಲಿದೆ. ವಿವರದಲ್ಲಿ ಬಾರ್ಟ್ಲಮ್‌ನ ಹೆಸರಿದೆ, ಕೇನ್‌ಹಾಯ್‌ನ ಹೆಸರಿದೆ, ಕಾಲ ಸುಮಾರು 1765ರಿಂದ 69 ಎಂದಿದೆ.

ಆಮೇಲಿನಿಂದ ಹರಾಜಿನ ಪಟ್ಟಿಗಳಲ್ಲಿ ನೀಲಿ ಅಚ್ಚಿನ ಒಂಟಿ ಮುಚ್ಚಳ ಕಂಡರೆ ನಾನೂ ದೊಡ್ಡದು ಮಾಡಿ ನೋಡುತ್ತೇನೆ.